ಬಿಗಿ

ಬೆಳಿಗ್ಗೆ ಕಾಲಿಗೆ ಬ್ಯಾಂಡೇಜು ಕಟ್ಟಿದ ಮೇಲೆ ಅಮ್ಮ ಏನೂ ಅನ್ನಲಿಲ್ಲ ಎಂಬುದು ಅವಳಿಗೆ ಹೊಳೆದದ್ದು ಲಾಂಡ್ರಿಯ ಕೌಂಟರಿನಲ್ಲಿ ನಿಂತು ಯಾರದೋ ಕಪ್ಪು ಕೋಟಿನ ಜೇಬುಗಳನ್ನು ತಡಕುತ್ತಿದ್ದಾಗ. ಜೇಬಿನಲ್ಲಿ ಒಂದು ಬಸ್ ಟಿಕೇಟು, ಅರ್ಧ ಕರಗಿದ ಪೆಪ್ಪರ್‌ಮಿಂಟು. ಎರಡನ್ನೂ ತೆಗೆದು ಗಿರಾಕಿಯ ಮುಂದಿಟ್ಟು, ಕಾಲರಿಗೆ ನಂಬರಿನ ಚೀಟಿ ಚುಚ್ಚುವಾಗ ಹೆಬ್ಬೆರಳಿನ ಬುಡದಲ್ಲಿ ಒಂದು ಕೆಂಪು ಗೆರೆ ಕಂಡಿತು. ಬ್ಯಾಂಡೇಜು ಎಳೆದ ಗೆರೆ. ಎಳೆದವಳ ಕೈಯಲ್ಲೇ ಇಷ್ಟು ಹೊತ್ತು ಉಳಿದಿದೆ ಎಂದರೆ ಎಳೆಸಿಕೊಂಡ ಕಾಲಿನಲ್ಲಿ ಏನಾಗಿರಬೇಕು? ಅಮ್ಮ ಸುಮ್ಮನಿರುವ ಹೆಂಗಸಲ್ಲ. ವಯಸ್ಸೆಲ್ಲ ನೂಲಿನ ಗಿರಣಿಯಲ್ಲಿ, ಎರಡು ಸಾಲು ಯಂತ್ರಗಳ ನಡುವೆ ನಿಂತೇ ಕಳೆದವಳು; ಆ ಗದ್ದಲದ ಮೇಲೆ ಕೂಗಿ ಕೂಗಿ ಗಂಟಲು ಹಾಗೇ ನಿಂತುಬಿಟ್ಟಿತ್ತು. ಅಮ್ಮ ಅಡುಗೆಮನೆಯಲ್ಲಿ ಉಪ್ಪೆಲ್ಲಿ ಎಂದರೆ ಕೆಳಮನೆಯವರು ಉಪ್ಪಿನ ಡಬ್ಬಿ ಹಿಡಿದು ಮೆಟ್ಟಿಲು ಹತ್ತುತ್ತಾರೆ ಎಂದು ತಂಗಿ ನಗೆಯಾಡುತ್ತಿದ್ದಳು. ಕಾಲಿನ ಗಾಯ ತೊಳೆಯುವಾಗ ನೀರು ಒಂದಿಷ್ಟು ಬಿಸಿಯಾದರೂ ಇಡೀ ಬೀದಿಗೆ ಸುದ್ದಿ. ಅಂಥ ಅಮ್ಮ ಇವತ್ತು ಗೋಡೆ ನೋಡುತ್ತ ಕೂತಿದ್ದಳು. ಮಗಳು ಚಪ್ಪಲಿ ಮೆಟ್ಟಿ ಬಾಗಿಲೆಳೆದುಕೊಂಡಾಗಲೂ ಗೋಡೆಯನ್ನೇ.

ಜಗಳವೆನ್ನುವಷ್ಟು ದೊಡ್ಡದೇನೂ ಆಗಿರಲಿಲ್ಲ. ಹಿಂದಿನ ಸಲ ಕಟ್ಟಿದ್ದು ಜಾರಿ, ಎಲಾಸ್ಟಿಕ್ಕು ಹೋದ ಕಾಲುಚೀಲದಂತೆ ಕಣಕಾಲಿನ ಸುತ್ತ ಮುದುಡಿಕೊಂಡಿತ್ತು. ಬಿಚ್ಚಿ, ತೊಳೆದು, ಹೊಸದಾಗಿ ಕಟ್ಟಲು ಅವಳು ನೆಲದ ಮೇಲೆ ಕೂತಾಗ ಅಮ್ಮ ಹೇಳಿದ್ದು ಇಷ್ಟೆ: "ಚಿಕ್ಕವಳು ಬಂದಾಗ ಕಟ್ಟಿದ್ದಳಲ್ಲ, ಒಂದಿಷ್ಟೂ ಜಾರಿರಲಿಲ್ಲ. ನಿನ್ನ ಕೈಯಲ್ಲಿ ಬಿಗೀನೇ ಇಲ್ಲ ಕಣೆ. ಯಾವುದರಲ್ಲೂ ಇಲ್ಲ." ತಂಗಿ ಬಂದದ್ದು ಒಂದು ಸಲ, ಕಟ್ಟಿದ್ದು ಒಂದು ಸಲ. ಕಟ್ಟಿ, ಫೋಟೋ ತೆಗೆದು ಗಂಡನಿಗೆ ಕಳಿಸಿ, ಸಂಜೆಯ ರೈಲಿಗೆ ಹೊರಟುಹೋದಳು. ಅದನ್ನು ನುಂಗಿಕೊಳ್ಳಬಹುದಿತ್ತು, ನುಂಗಿ ಅಭ್ಯಾಸವೂ ಇತ್ತು. ಗಂಟಲಲ್ಲಿ ಸಿಕ್ಕಿಕೊಂಡದ್ದು ಆ ಕೊನೆಯ ಮಾತು. ಯಾವುದರಲ್ಲೂ ಎಂದರೆ ಯಾವ ಯಾವುದರಲ್ಲಿ? ನೋಡಿಕೊಂಡು ಹೋದವರು ಮತ್ತೆ ಬರದೇ ಹೋದದ್ದೇ, ಓದು ನಡುವೆ ನಿಂತದ್ದೇ, ಈ ಕೌಂಟರಿನ ಕೆಲಸವೇ, ಒಲೆಯ ಮೇಲೆ ಉಕ್ಕಿದ ಹಾಲೇ? ಎಲ್ಲವೂ ಒಂದೇ ಸಾಲಿನಲ್ಲಿ ಬಂದು ಅವಳ ತೋಳಿನಲ್ಲಿ ನಿಂತವು. ನಾಲ್ಕನೆಯ ಪದರ, ಹಿಗ್ಗುವ ಪಟ್ಟಿ, ಅರ್ಧ ಎಳೆಯಬೇಕಾದದ್ದು. ಅವಳು ಪೂರ್ತಿ ಎಳೆದಳು. ಎಳೆದು ಸುತ್ತಿ, ಮತ್ತೆ ಎಳೆದು, "ಇಷ್ಟು ಬಿಗಿ ಸಾಕಾ? ಸಾಕಾ?" ಎಂದಳು. ಅಮ್ಮನ ಕಾಲು ಒಮ್ಮೆ ಅದುರಿತು. ಅಮ್ಮ ಗೋಡೆಯತ್ತ ತಿರುಗಿದಳು.

"ಮೇಡಂ, ನನ್ನ ಕೋಟಿಗೆ ಬೇರೆಯವರ ನಂಬರು ಹಾಕಿದೀರಿ," ಎಂದ ಗಿರಾಕಿ. ಹಾಕಿದ್ದಳು. ಪಕ್ಕದಲ್ಲಿ ಮಡಚಿಟ್ಟ ಪರದೆಗಳ ಚೀಟಿ ಅವನ ಕೋಟಿನ ಮೇಲಿತ್ತು. ಒಳಗಿನಿಂದ ಯಜಮಾನ ತಲೆಯೆತ್ತಿ, "ಏನು, ಮತ್ತೆ ಅಮ್ಮನ ಕಾಲಾ?" ಎಂದ. ಉಗಿಯ ಇಸ್ತ್ರಿ ಹಿಡಿದ ಕೆಲಸಗಾರ ನಕ್ಕ. ಅಂಗಡಿಯಲ್ಲಿ ಅದೊಂದು ಮಾತಾಗಿ ಹೋಗಿತ್ತು. ಬಟ್ಟೆ ಕೊಡುವುದು ತಡವಾದರೆ, ಬಾಯ್ಲರು ಕೆಟ್ಟರೆ, ಎಲ್ಲದಕ್ಕೂ ಅಮ್ಮನ ಕಾಲು. ಅವಳೂ ನಗಬೇಕಿತ್ತು, ದಿನಾ ನಗುತ್ತಿದ್ದಳು. ಚೀಟಿ ಬದಲಿಸಿ, ಗಿರಾಕಿ ಹೋದ ಮೇಲೆ ಗೋಡೆಯ ಮರೆಗೆ ಸರಿದು ಅಮ್ಮನಿಗೆ ಫೋನ್ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದಳು. ಫೋನು ಅಮ್ಮನ ಮಂಚದ ಮೇಲೆಯೇ, ಕೈಗೆ ಸಿಗುವ ಕಡೆ ಇರುತ್ತದೆ. ಇಟ್ಟು ಬಂದವಳು ಅವಳೇ.

ಕ್ಲಿನಿಕ್ಕಿನ ಡ್ರೆಸ್ಸಿಂಗ್ ಸಿಸ್ಟರು ಕಲಿಸಿಕೊಟ್ಟಾಗ ಅಮ್ಮನಿಗಿಂತ ಹೆಚ್ಚು ಹೆದರಿದ್ದವಳು ಅವಳು. ನಿಂತು ನಿಂತು ಕಾಲಿನ ರಕ್ತನಾಳಗಳು ಸೋತಿವೆ, ಮೇಲೆ ಹೋಗಬೇಕಾದ ರಕ್ತ ಕೆಳಗೇ ನಿಂತು ಚರ್ಮವನ್ನು ಒಳಗಿಂದ ಕೊಳೆಸಿದೆ, ಮುಲಾಮು ಎಷ್ಟು ಹಚ್ಚಿದರೂ ಆಗುವುದಿಲ್ಲ, ಹೊರಗಿಂದ ಒತ್ತಿ ಹಿಡಿಯಬೇಕು ಎಂದಿದ್ದರು. ಮೊದಲು ಗಾಯಕ್ಕೆ ಅಂಟದ ಜಾಲರಿ ಬಟ್ಟೆ. ಅದರ ಮೇಲೆ ಮೆತ್ತನೆಯ ಹತ್ತಿ, ಮೂಳೆ ಎದ್ದ ಕಡೆ ಒಂದು ಸುತ್ತು ಹೆಚ್ಚು. ಆಮೇಲೆ ಹತ್ತಿಯನ್ನು ಹಿಡಿದಿಡುವ ಕ್ರೇಪು. ಆಮೇಲೆ ಹಿಗ್ಗುವ ಪಟ್ಟಿ. ಎಲ್ಲಕ್ಕಿಂತ ಮೇಲೆ ತನಗೆ ತಾನೇ ಅಂಟಿಕೊಳ್ಳುವ ಪದರ. ಪಾದದ ಹತ್ತಿರ ಬಿಗಿ, ಮೇಲೆ ಮೇಲೆ ಸಡಿಲ. "ಬೆರಳು ಮಾತ್ರ ಮುಚ್ಚಬೇಡಿ, ಬೆರಳು ನಿಮ್ಮ ಜೊತೆ ಮಾತಾಡತ್ತೆ," ಎಂದಿದ್ದರು ಸಿಸ್ಟರು. "ಉಗುರು ಒತ್ತಿ ಬಿಡಿ. ಬೆಳ್ಳಗಾಗಿ ತಕ್ಷಣ ಕೆಂಪಾಗಬೇಕು. ನೀಲಿ ತಿರುಗಿದ್ರೆ, ತಣ್ಣಗಾದ್ರೆ ಯೋಚನೆ ಮಾಡ್ತಾ ಕೂರಬೇಡಿ, ಕತ್ತರಿ ತಗೊಳ್ಳಿ." ಅದಕ್ಕೂ ಮೊದಲು, ಕಾಲಿಗೆ ರಕ್ತ ಸರಿಯಾಗಿ ಇಳಿಯುತ್ತಿದೆಯೇ ಎಂದು ನೋಡಲು, ಪೆನ್ನಿನಂಥದೊಂದನ್ನು ಪಾದದ ಮೇಲಿಟ್ಟಿದ್ದರು. ಅದಕ್ಕೆ ತಂತಿಯಿಂದ ಜೋಡಿಸಿದ್ದ ಪೆಟ್ಟಿಗೆಯೊಳಗಿಂದ ರಕ್ತ ಹರಿಯುವ ಶಬ್ದ ಬಂತು. ಹುಶ್ಶ್, ಹುಶ್ಶ್, ಯಾರೋ ಕತ್ತಲಲ್ಲಿ ದೊಡ್ಡ ಬಟ್ಟೆಯೊಂದನ್ನು ಕೊಡವುತ್ತಿರುವ ಹಾಗೆ. ಅಮ್ಮ ಮಲಗಿದ್ದಲ್ಲಿಂದಲೇ, "ಅದು ನಂದಾ?" ಎಂದು ಕೂಗಿದ್ದಳು. ಮಗಳ ಮೈ ಜುಮ್ಮೆಂದಿತ್ತು. ಬೈಯುವ, ಹೊಗಳದ, ಯಾರನ್ನೂ ಕೇಳದ ಈ ಹೆಂಗಸಿನೊಳಗೆ ಇದು ತನ್ನ ಪಾಡಿಗೆ ತಾನು ಹಗಲೂ ರಾತ್ರಿ ನಡೆಯುತ್ತಲೇ ಇದೆ; ತಾನು ಹುಟ್ಟುವುದಕ್ಕೆ ಮೊದಲೇ ತಾನು ಇದನ್ನು ಕೇಳಿರಬೇಕು. ಆ ದಿನ ಬಸ್ಸಿನಲ್ಲಿ ಅಮ್ಮನ ಕೈ ಹಿಡಿದುಕೊಂಡು ಕೂತಿದ್ದಳು. ಅಮ್ಮ, "ಬಿಡೇ, ಬೆವರತ್ತೆ," ಎಂದಿದ್ದಳು.

ಕೆಳಮನೆಯ ಆಂಟಿಗೆ ಫೋನ್ ಮಾಡಿದರೆ ಆಯಿತು, ಮೆಟ್ಟಿಲು ಹತ್ತಿ ಒಮ್ಮೆ ನೋಡಿಬರುತ್ತಾರೆ. ಆದರೆ ಏನೆಂದು ಹೇಳುವುದು? ಅಮ್ಮನ ಬೆರಳು ನೀಲಿಯಾಗಿದೆಯೇ ನೋಡಿ ಎಂದೇ? ಯಾಕೆ ಆಗುತ್ತದೆ ಎಂದು ಕೇಳಿದರೆ? ಆಂಟಿ ಫೋನ್ ಎತ್ತಿದಾಗ ಅವಳ ಬಾಯಿಂದ ಬಂದದ್ದು, "ಆಂಟೀ, ನೀರು ಬಂತಾ?"

"ಬೆಳಿಗ್ಗೆನೇ ಬಂತಲ್ಲ. ನೀನೇ ಹಿಡಿದಿಟ್ಟು ಹೋದ್ಯಲ್ಲ?"

"ಹೌದಲ್ವಾ. ಮರೆತೇಬಿಟ್ಟೆ. ಮತ್ತೆ... ಅಮ್ಮನ ದನಿ ಏನಾದ್ರೂ ಕೇಳಿಸ್ತಾ?"

"ಇಲ್ಲಮ್ಮ. ಇವತ್ತು ಏನೋ ಪುಣ್ಯ, ನಮ್ಮ ಕಿವಿಗೂ ಒಂದು ರಜಾ," ಎಂದು ಆಂಟಿ ಗಟ್ಟಿಯಾಗಿ ನಕ್ಕರು.

ಅವಳೂ ನಕ್ಕು ಫೋನ್ ಇಟ್ಟಳು. ಯಜಮಾನನ ಮುಂದೆ ಹೋಗಿ ನಿಂತಳು. ಅವನು ಅವಳ ಮುಖ ನೋಡಿದ. ನಗೆಮಾತು ತುದಿನಾಲಿಗೆಗೆ ಬಂದಿದ್ದೂ ಅದನ್ನು ನುಂಗಿಕೊಂಡದ್ದೂ ಕಂಡಿತು. "ಹೋಗಿ ಬಾ," ಎಂದ. ಅವನು ಗದರಿದ್ದರೆ ಚೆನ್ನಾಗಿತ್ತು.

ಬಸ್ಸಿನಲ್ಲಿ ಕೂರಲು ಜಾಗವಿದ್ದರೂ ನಿಂತೇ ಇದ್ದಳು. ತಲೆ ಬಗ್ಗಿಸಿದ್ದರಿಂದ ಕಂಡದ್ದೆಲ್ಲ ಕಾಲುಗಳೇ. ಚಪ್ಪಲಿಯ ಪಟ್ಟಿ ಕಚ್ಚಿದ ಕಾಲು, ಬೂಟು ಕಳಚಿ ಬೆರಳು ಚಾಚಿಕೊಂಡ ಕಾಲು, ಅರ್ಧ ಬಣ್ಣ ಉದುರಿದ ಉಗುರುಗಳು. ಎಲ್ಲವೂ ಕೆಂಪಗೆ, ಬೆಚ್ಚಗೆ, ಯಾರ ಗಮನವೂ ಇಲ್ಲದೆ ಬದುಕಿದ್ದವು. ತನ್ನ ಸಿಟ್ಟಿಗೆ ಕಾರಣವಿತ್ತು ಎಂದು ಮನಸ್ಸು ಒಂದು ಕಡೆಯಿಂದ ವಾದಿಸುತ್ತಲೇ ಇತ್ತು. ತಂಗಿಯನ್ನು ಹೊಗಳುವುದು, ಬಾಯಿಗೆ ಬಂದದ್ದು ಅನ್ನುವುದು, ಯಾರಿಗೆ ತಾನೇ ಬೇಸರವಾಗುವುದಿಲ್ಲ? ಆದರೆ ವಾದದ ತಳದಲ್ಲಿ ಇನ್ನೊಂದು ಸಂಗತಿ ಇತ್ತು, ಅದರ ಹತ್ತಿರ ಹೋದರೆ ಮುಖ ಬಿಸಿಯಾಗುತ್ತಿತ್ತು. ಆ ಪಟ್ಟಿಯನ್ನು ಎಳೆದಾಗ, ಅಮ್ಮನ ಕಾಲು ಅದುರಿದಾಗ, ಅವಳಿಗೆ ಹಿತವಾಗಿತ್ತು. ಕ್ಷಣ ಮಾತ್ರ. ಬಾಯಾರಿದಾಗ ನೀರು ಇಳಿದಷ್ಟು ಸರಾಗವಾದ ಹಿತ. ವಾಸಿ ಮಾಡಬೇಕೆಂದು ಕೊಟ್ಟ ಬಟ್ಟೆಯಲ್ಲೇ ಇದಕ್ಕೂ ಜಾಗವಿತ್ತಲ್ಲ. ತನ್ನ ನಿಲ್ದಾಣಕ್ಕಿಂತ ಒಂದು ನಿಲ್ದಾಣ ಮೊದಲೇ ಬಸ್ಸು ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡಿತು. ಅವಳು ಇಳಿದು ನಡೆದಳು, ಆಮೇಲೆ ಓಡಿದಳು.

ಅಮ್ಮ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದಳು. ಕಾಲು ದಿಂಬಿನ ಮೇಲಿತ್ತು. ಹಣೆಯ ಕೂದಲು ಬೆವರಿಗೆ ಅಂಟಿತ್ತು. ತೊಡೆಯ ಪಕ್ಕದಲ್ಲಿ ಫೋನು, ಫೋನಿನ ಪಕ್ಕದಲ್ಲಿ ಕತ್ತರಿ.

"ಯಾಕೆ ಬಂದೆ? ಕೆಲಸ?" ಅಮ್ಮನ ದನಿ ಪಿಸುಮಾತಿನಷ್ಟಿತ್ತು. ಇಂಥ ದನಿಯೂ ಅಮ್ಮನಲ್ಲಿದೆ ಎಂದು ಅವಳಿಗೆ ತಿಳಿದಿರಲಿಲ್ಲ.

ಅವಳು ಮಂಡಿಯೂರಿದಳು. ಬೆರಳುಗಳು ಮಸಿ ಕದಡಿದ ನೀರಿನ ಬಣ್ಣಕ್ಕೆ ತಿರುಗಿದ್ದವು. ಮುಟ್ಟಿದರೆ ನಲ್ಲಿಯ ಹಾಗೆ ತಣ್ಣಗಿದ್ದವು. "ಕತ್ತರಿ ಪಕ್ಕದಲ್ಲೇ ಇದೆಯಲ್ಲಮ್ಮ! ಕತ್ತರಿಸಿ ಹಾಕಬಾರದಾ? ಫೋನಾದ್ರೂ ಎತ್ತಬಾರದಾ?"

"ಎತ್ತಿದ್ರೆ ದನೀಲೇ ಗೊತ್ತಾಗಿಬಿಡತ್ತೆ ನಿಂಗೆ."

"ಏನು ಗೊತ್ತಾಗತ್ತೆ?"

"ನೋಯ್ತಿದೆ ಅಂತ." ಅಮ್ಮ ಕಣ್ಣು ಮುಚ್ಚಿದಳು. "ಬಾಯಿ ನಂದೇ ಜಾಸ್ತಿ ಆಯ್ತು ಬೆಳಿಗ್ಗೆ. ಸಂಜೆ ತನಕ ಹೇಗೋ ತಡ್ಕೊಳ್ಳೋಣ, ನಿಂಗೆ ಗೊತ್ತಾಗೋದು ಬೇಡ ಅಂದ್ಕೊಂಡೆ."

ಅವಳು ಕತ್ತರಿಯ ಮೊಂಡು ತುದಿಯನ್ನು ಪದರದ ಕೆಳಗೆ ತೂರಿಸಿದಳು. ಹೊರಗಿನ ಪದರ ಚರ್ರೆಂದು ಬಿಟ್ಟುಕೊಂಡಿತು. ಹಿಗ್ಗಿದ ಪಟ್ಟಿ ಕತ್ತರಿಗೆ ಸಿಕ್ಕಿದ್ದೇ ತಾನಾಗಿ ಹಿಂದಕ್ಕೆ ಓಡಿ ಸುರುಳಿಯಾಗಿ ಬಿತ್ತು. ಅಷ್ಟೂ ಹೊತ್ತು ಅವಳ ಸಿಟ್ಟನ್ನು ಹಿಡಿದುಕೊಂಡೇ ಕೂತಿತ್ತು ಅದು. ಕ್ರೇಪು ಬಿಚ್ಚಿಕೊಂಡಿತು. ಬೆಳಿಗ್ಗೆ ಮೋಡದಷ್ಟು ಮೆತ್ತಗಿದ್ದ ಹತ್ತಿ ಕಾಗದದಂತೆ ಚಪ್ಪಟೆಯಾಗಿ, ತೇವವಾಗಿ, ಒಂದೊಂದು ಸುತ್ತಿನ ಅಚ್ಚನ್ನೂ ಹೊತ್ತು ಎದ್ದು ಬಂತು. ಅದರಡಿಯ ಚರ್ಮದಲ್ಲಿ, ಪಾದದಿಂದ ಮೊಣಕಾಲಿನ ತನಕ, ಓರೆ ಓರೆಯಾದ ಏಣುಗಳು. ಯಾವ ಸುತ್ತಿನಲ್ಲಿ ಎಷ್ಟು ಎಳೆದಿದ್ದಳೆಂಬುದು ಒಂದೂ ಬಿಡದೆ ಅಮ್ಮನ ಕಾಲಿನ ಮೇಲೆ ಬಿದ್ದಿತ್ತು. ಅವಳು ಹೆಬ್ಬೆರಳಿನ ಉಗುರನ್ನು ಒತ್ತಿ ಬಿಟ್ಟಳು. ಬಿಳಿ. ಬಿಳಿಯಾಗಿಯೇ ಇತ್ತು. ತನ್ನ ಉಸಿರು ತನಗೇ ಕೇಳಿಸುತ್ತಿತ್ತು. ಆಮೇಲೆ ಉಗುರಿನ ಬುಡದಲ್ಲಿ ಒಂದು ಮಬ್ಬು ಬಣ್ಣ ಬಂದು ನಿಂತಿತು, ಒಳಗೆ ಬರಲೇ ಬೇಡವೇ ಎಂದು ಬಾಗಿಲಲ್ಲಿ ನಿಂತವರ ಹಾಗೆ. ನಿಂತು, ಹಬ್ಬಿತು. ಹೆಬ್ಬೆರಳಿನಿಂದ ಪಕ್ಕದ ಬೆರಳಿಗೆ, ಅಲ್ಲಿಂದ ಆಚೆಗೆ, ಮಸಿಯ ಬಣ್ಣದಡಿಯಿಂದ ಕೆಂಪು ಏಳುತ್ತ ಬಂತು. ಯಾರೂ ಕರೆಯಲಿಲ್ಲ, ಯಾರೂ ಕ್ಷಮೆ ಕೇಳಲಿಲ್ಲ. ದಾರಿ ಬಿಟ್ಟದ್ದೇ ತಡ, ರಕ್ತ ಬಂದುಬಿಟ್ಟಿತು. ಅಮ್ಮ, "ಅಯ್ಯಯ್ಯೋ, ಇರುವೆ ಹರಿದ ಹಾಗಾಗತ್ತೆ ಕಣೇ!" ಎಂದು ಕಿರುಚಿದಳು. ಕೆಳಮನೆಯ ಕಿಟಕಿ ತೆರೆದ ಸದ್ದಾಯಿತು. ಆ ಕಿರುಚಾಟ ಕೇಳಿ ಮಗಳಿಗೆ ಅಳು ಬಂತು.

ಸಿಸ್ಟರಿಗೆ ಫೋನ್ ಮಾಡಿದಳು. ಬಣ್ಣ ಬಂತಾ, ಬಿಸಿ ಬಂತಾ, ಬೆರಳು ಆಡಿಸ್ತಾರಾ ಎಂದು ಅವರು ಒಂದೊಂದಾಗಿ ಕೇಳಿದರು. ಬಂತು, ಬಂತು, ಆಡಿಸ್ತಾರೆ. "ಹೇಗಾಯ್ತು ಇದು? ಹತ್ತಿ ಕಡಿಮೆ ಹಾಕಿದ್ರಾ?" ಹೂಂ ಎಂದರೆ ಸಾಕಿತ್ತು. ಅಮ್ಮ ಎರಡು ಮಾರು ದೂರದಲ್ಲಿ ಕೂತು ಕೇಳುತ್ತಿದ್ದಳು.

"ಇಲ್ಲ ಸಿಸ್ಟರ್. ಸಿಟ್ಟಲ್ಲಿ ಎಳೆದೆ."

ಆ ಕಡೆಯಿಂದ ಸಿಸ್ಟರು, "ಒಳ್ಳೇದು, ಹೇಳಿದ್ರಲ್ಲ. ಸಿಟ್ಟು ಬಂದ ದಿನ ಕಟ್ಟಲೇಬೇಡಿ, ಇಲ್ಲಿಗೆ ಕರ್ಕೊಂಡು ಬನ್ನಿ. ಈಗ ಗಾಯದ ಮೇಲೆ ಜಾಲರಿ, ಹತ್ತಿ, ಅಷ್ಟೇ ಇರಲಿ. ಕಾಲು ಮೇಲಿರಲಿ. ಬೆರಳು ನೋಡ್ತಾ ಇರಿ, ಮತ್ತೆ ಬಣ್ಣ ತಿರುಗಿದ್ರೆ ತಕ್ಷಣ ಬನ್ನಿ. ಇಲ್ಲಾಂದ್ರೆ ನಾಳೆ ನಾನೇ ನೋಡ್ತೀನಿ," ಎಂದರು.

ಗಾಯ ತೊಳೆಯಲು ನೀರು ತಂದಳು. ಕಣಕಾಲಿನ ಹೊರಗಡೆ, ಸ್ವಲ್ಪ ಹಿಂದಕ್ಕೆ, ಅಂಗೈಯಷ್ಟು ಅಗಲದ ಗಾಯ. ಅದು ಅಮ್ಮನ ಕಣ್ಣಿಗೆ ಬೀಳದ ಜಾಗ. ಅವಳೂ ನೋಡುತ್ತಿರಲಿಲ್ಲ, ನಿಜ ಹೇಳಬೇಕೆಂದರೆ. ವಾಸನೆಗೆ ಉಸಿರು ಬಿಗಿಹಿಡಿದು, ಕಣ್ಣನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿ, ಕೈಗೆ ಮಾತ್ರ ಕೆಲಸ ಕೊಟ್ಟು ಮುಗಿಸುತ್ತಿದ್ದಳು. ಅಂಗಡಿಯಲ್ಲಿ ಊರವರ ಕಲೆಗಳನ್ನೆಲ್ಲ ಬೆಳಕಿಗೆ ಹಿಡಿದು, ಇದು ಹೋಗುತ್ತೆ, ಇದು ಹೋಗಲ್ಲ ಎಂದು ಹೇಳುವವಳು. ಇವತ್ತು ಕಿಟಕಿಯ ಬೆಳಕು ನೇರವಾಗಿ ಬೀಳುತ್ತಿತ್ತು, ಅವಸರವೂ ಇರಲಿಲ್ಲ. ನೋಡಿದಳು. ತಳವೆಲ್ಲ ಕೆಂಪು, ಒತ್ತೊತ್ತಾದ ಸಣ್ಣ ಸಣ್ಣ ಕಾಳುಗಳಂತೆ, ಹಸಿಯಾಗಿ ಹೊಳೆಯುತ್ತ. ಅಂಚಿನಲ್ಲಿ ತೆಳ್ಳಗೆ, ಈರುಳ್ಳಿಯ ಒಳಪೊರೆಯಷ್ಟು ತೆಳ್ಳಗೆ, ನಸುಗೆಂಪಿನ ಪೊರೆಯೊಂದು ಒಳಮುಖವಾಗಿ ತೆವಳಿತ್ತು. ನಡುವೆ ಹತ್ತಿಯ ಎಳೆ ಅಂಟಿಕೊಂಡಂತೆ ಒಂದು ಬೆಳ್ಳನೆಯ ಚುಕ್ಕಿ. ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿದಳು, ಹೋಗಲಿಲ್ಲ. ಮುಖ ಹತ್ತಿರ ತಂದಳು, ಉಸಿರು ಹಿಡಿಯುವುದನ್ನೂ ಮರೆತು. ಅದು ಹತ್ತಿಯಲ್ಲ. ಚರ್ಮ. ಯಾವ ಅಂಚಿಗೂ ಸೇರದೆ, ಆ ಹಸಿ ಕೆಂಪಿನ ನಟ್ಟನಡುವೆ, ತಾನೇ ತಾನಾಗಿ ಎದ್ದ ಅಕ್ಕಿಕಾಳಿನಷ್ಟು ಚರ್ಮ.

"ಏನೇ? ಏನಾಗಿದೆ? ಹೆಚ್ಚಾಯ್ತಾ?" ಎಂದಳು ಅಮ್ಮ.

ಅವಳು ಎದ್ದಳು. ಬಚ್ಚಲಿನ ಗೋಡೆಯ ಕನ್ನಡಿಯನ್ನೇ ಮೊಳೆಯಿಂದ ತೆಗೆದು ತಂದು, ಕಾಲಿನ ಪಕ್ಕದಲ್ಲಿ ಓರೆಯಾಗಿ ಹಿಡಿದಳು. ಅಮ್ಮ ಕತ್ತು ಚಾಚಿದಳು. ಇಷ್ಟು ಕಾಲ ತನ್ನ ಮೈಮೇಲೆಯೇ ಇದ್ದದ್ದನ್ನು ಮೊದಲ ಸಲ ನೋಡಿದಳು. ಹೇಸುತ್ತಾಳೆ ಎಂದುಕೊಂಡಿದ್ದಳು ಮಗಳು. ಅಮ್ಮ ಹೇಸಲಿಲ್ಲ. ಬಹಳ ಹೊತ್ತು ನೋಡಿದಳು, ಕನ್ನಡಿ ಹಿಡಿದ ಕೈ ಸೋಲುವಷ್ಟು ಹೊತ್ತು.

"ನಾನು ಏನೂ ಮಾಡ್ಲಿಲ್ಲವಲ್ಲೇ," ಎಂದಳು ಕೊನೆಗೆ. "ಸುಮ್ನೆ ಕೂತು ಎಲ್ಲರನ್ನೂ ಬೈತಾ ಇದ್ದೆ. ಇದು ಇಲ್ಲಿ ಹೀಗೆ ಮಾಡ್ತಾ ಇತ್ತಾ?"

ಮರುದಿನ ಸಿಸ್ಟರು ಭೂತಗನ್ನಡಿ ಹಿಡಿದು ನೋಡಿ, ಆ ಚುಕ್ಕಿ ಎದ್ದು ಒಂದು ವಾರವಾದರೂ ಆಗಿರಬೇಕೆಂದರು. ಮೇಲಿನದೆಲ್ಲ ಕೊಳೆತುಹೋದರೂ ಆಳದಲ್ಲಿ ಎಲ್ಲೋ ಒಂದು ಕೂದಲಿನ ಬುಡ ಬದುಕುಳಿದಿದ್ದರೆ ಅಲ್ಲಿಂದಲೂ ಚರ್ಮ ಏಳುತ್ತದಂತೆ. ಹಾಗಾದರೆ ಇದು ನಿನ್ನೆ ಎಳೆದದ್ದರಿಂದ ಬಂದದ್ದಲ್ಲ. ಅದಕ್ಕೂ ಮೊದಲೇ ಇತ್ತು, ತಾನು ಕಣ್ಣು ಸರಿಸಿಕೊಂಡಿದ್ದಳು ಅಷ್ಟೆ. ಇದನ್ನು ಕೇಳಿ ಅವಳಿಗೆ ನಾಚಿಕೆಯಾಯಿತು, ನಾಚಿಕೆಗಿಂತ ದೊಡ್ಡದೇನೋ ಅದರ ಬೆನ್ನಿಗೇ ಬಂತು. ಸಿಸ್ಟರು ಅವಳ ಕೈ ಮೇಲೆ ಕೈಯಿಟ್ಟು ಮತ್ತೆ ಮೊದಲಿನಿಂದ ಕಲಿಸಿದರು. ಆಮೇಲಿನ ದಿನಗಳಲ್ಲಿ ಆ ಅಕ್ಕಿಕಾಳು ಅಗಲವಾಯಿತು, ಅದರ ಪಕ್ಕ ಇನ್ನೊಂದು ಎದ್ದಿತು, ಅಂಚಿನ ಪೊರೆ ತೆವಳಿ ಬಂದು ಒಂದು ಬೆಳಿಗ್ಗೆ ಅವಕ್ಕೆ ತಗುಲಿಕೊಂಡಿತು. ಜಗಳಗಳು ನಿಲ್ಲಲಿಲ್ಲ. ಸಿಟ್ಟು ಬಂದ ದಿನ ಅವಳು ಬ್ಯಾಂಡೇಜನ್ನು ಪಕ್ಕಕ್ಕಿಟ್ಟು, "ಇವತ್ತು ಕ್ಲಿನಿಕ್ಕು," ಎನ್ನುತ್ತಿದ್ದಳು. ಅಮ್ಮ ಬೈದುಕೊಂಡೇ ಬಸ್ಸು ಹತ್ತುತ್ತಿದ್ದಳು. ಡ್ರೆಸ್ಸಿಂಗ್ ಕೋಣೆಗೆ ಇವರಿಬ್ಬರೂ ಒಟ್ಟಿಗೆ ಕಾಲಿಟ್ಟರೆ ಸಿಸ್ಟರು, "ಯಾರ ಸಿಟ್ಟು ಇವತ್ತು, ತಾಯಿಯದ್ದಾ ಮಗಳದ್ದಾ?" ಎಂದು ಕೇಳುತ್ತಿದ್ದರು.

ಗಾಯ ಪೂರ್ತಿ ಮುಚ್ಚಿದ ಮೇಲೆ ಸಿಸ್ಟರು ಟೇಪು ಹಿಡಿದು ಅಮ್ಮನ ಕಣಕಾಲು, ಮೀನಖಂಡ, ಮೊಣಕಾಲ ಕೆಳಗೆ ಅಳತೆ ತೆಗೆದುಕೊಂಡರು. ಇನ್ನು ಬ್ಯಾಂಡೇಜು ಬೇಡ, ಅದೇ ಕೆಲಸ ಮಾಡುವ ಬಿಗಿ ಕಾಲುಚೀಲ, ಎದ್ದ ಕೂಡಲೇ ಹಾಕಿ ರಾತ್ರಿ ತೆಗೆಯುವುದು, ಬದುಕಿರುವ ತನಕ. ಅಳತೆಯನ್ನು ಒಳಗೆ ಕೂಗಿ ಹೇಳಿ ಬಗ್ಗಿದವರು ಮಗಳ ಕಾಲು ನೋಡಿದರು. "ನಿಮ್ಮದೂ ನಿಲ್ಲೋ ಕೆಲಸಾನಾ?" ಎಂದು ಮೊಣಕಾಲ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳಿನಿಂದ ಒತ್ತಿದರು. ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು. ಮೂವರೂ ಆ ಗುಳಿಯನ್ನು ನೋಡಿದರು. "ನಿಮಗೂ ಒಂದು ಜೊತೆ ಬೇಕು. ಈಗಲೇ ಹಾಕಿದ್ರೆ ನಿಮ್ಮಮ್ಮನ ಹಾಗೆ ಆಗಲ್ಲ." ಅಮ್ಮ ಆವತ್ತು ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಗಳ ಕಾಲನ್ನೇ ನೋಡಿದಳು.

ಕಾಲುಚೀಲಗಳು ಬಂದ ಮಾರನೆಯ ಬೆಳಿಗ್ಗೆ, ಅಮ್ಮನಿಗೆ ಹಾಕಿ ಮುಗಿಸಿ ಏದುಸಿರು ಬಿಡುತ್ತ ಅವಳು ತನ್ನದನ್ನು ಕೈಗೆತ್ತಿಕೊಂಡಳು. ಅಂಗೈಯಗಲದ ಬಾಯಿ, ಇದರೊಳಗೆ ಕಾಲು ಹೋಗುವುದುಂಟೇ ಎನ್ನಿಸುವಂಥ ಗಟ್ಟಿ ನೇಯ್ಗೆ. ಎಳೆದರೆ ಹಿಮ್ಮಡಿಯಲ್ಲೇ ಮುದುಡಿ ನಿಂತಿತು. "ಕೊಡಿಲ್ಲಿ ಅದನ್ನ," ಎಂದಳು ಅಮ್ಮ. "ಮಂಚದ ಮೇಲೆ ಕೂತ್ಕೋ. ಕಾಲು ಇಲ್ಲಿಡು." ಅಮ್ಮ ತೋರಿಸಿದ್ದು ತನ್ನ ಮಡಿಲನ್ನು. ಅವಳು ಹಿಂಜರಿದಳು, ಅಮ್ಮನಿಗೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳುವ ವಯಸ್ಸಿನಿಂದ ಹಾಗೆ ಇಟ್ಟವಳಲ್ಲ.

"ಇಡೇ. ಒಳಗಿದ್ದಾಗ ಇದೇ ಕಾಲಲ್ಲಿ ಎಷ್ಟು ಒದ್ದಿದೀಯ ನಂಗೆ. ಈಗೇನು ನಾಚಿಕೆ!"

ಅವಳು ಇಟ್ಟಳು. ಅಮ್ಮ ಹಿಡಿತ ಜಾರದಿರಲೆಂದು ರಬ್ಬರ್ ಕೈಗವಸು ತೊಟ್ಟು, ಕಾಲುಚೀಲವನ್ನು ಹಿಮ್ಮಡಿಯ ತನಕ ಒಳಮಗ್ಗುಲು ಹೊರಗಾಗಿ ಮಡಚಿ, ಬೆರಳುಗಳನ್ನು ಒಂದೊಂದಾಗಿ ಒಳಗೆ ಸೇರಿಸಿದಳು. ಗಿರಣಿಯ ಕೈಗಳು ಅವು, ಇನ್ನೂ ಗಟ್ಟಿಯಾಗಿದ್ದವು, ಆದರೆ ಅವಸರವಿರಲಿಲ್ಲ. ಒಂದಿಷ್ಟು ಮೇಲೆಳೆಯುವುದು, ಅಂಗೈಯಿಂದ ಸುಕ್ಕು ಸವರುವುದು, ಮತ್ತೊಂದಿಷ್ಟು. ಪಾದ, ಕಣಕಾಲು, ಮೀನಖಂಡ, ಎಲ್ಲ ಕಡೆಯಿಂದಲೂ ಒಂದೇ ಸಮನೆ ಯಾರೋ ಹಿಡಿದುಕೊಂಡಂತೆ ಬಿಗಿ ಮೇಲೇರುತ್ತ ಬಂತು. ದಿನವಿಡೀ ನಿಂತು ಭಾರವಾಗುತ್ತಿದ್ದ ಕಾಲು ಇದು ಎಂದು ಅದು ಹಗುರಾದ ಮೇಲೆಯೇ ಅವಳಿಗೆ ತಿಳಿದದ್ದು. ಹೀಗೆ ಯಾರಾದರೂ ತನ್ನನ್ನು ಹಿಡಿದು ಎಷ್ಟು ಕಾಲವಾಗಿತ್ತೋ. ಅಮ್ಮನ ಕೈ ಮೊಣಕಾಲ ಕೆಳಗೆ ಬಂದು ಅಂಚನ್ನು ಸರಿಮಾಡಿ ಅಲ್ಲೇ ನಿಂತಿತು.

"ನೋಯ್ತಾ?" ಎಂದಳು ಅಮ್ಮ.

"ಇಲ್ಲ."

ಅಮ್ಮ ಬಗ್ಗಿ, ಚೀಲದ ತೆರೆದ ತುದಿಯಿಂದ ಇಣುಕುತ್ತಿದ್ದ ಬೆರಳುಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಆ ಕಾಲನ್ನು ಎತ್ತಿ ಪಕ್ಕಕ್ಕಿಟ್ಟು, "ಇನ್ನೊಂದು," ಎಂದಳು.